ರಾತ್ರಿ ಎರಡು ಗಂಟೆಯ ಪರೀಕ್ಷೆ

ಇಂಗ್ಲೆಂಡಿನಲ್ಲಿ ಕ್ಯಾರವಾನ್ ಇಟ್ಟುಕೊಂಡವರದು ಒಂದು ಜಾತಿ, ಕ್ಯಾರವಾನ್ ಕೊಳ್ಳಲಿರುವವರದು ಇನ್ನೊಂದು. ಮೊದಲನೆಯವರನ್ನು ಶಾಲೆಗೆ ಬೇಸಿಗೆ ರಜೆ ಸಿಕ್ಕ ಮರುದಿನ ಎಂ5 ಹೆದ್ದಾರಿಯಲ್ಲಿ ಕಾಣಬಹುದು. ಕಾರಿನ ಬಾಲಕ್ಕೆ ಬಿಳಿ ಪೆಟ್ಟಿಗೆ ಸಿಕ್ಕಿಸಿಕೊಂಡು, ಗಂಟೆಗೆ 60 ಮೈಲಿಯ ಮಿತಿ ಮೀರದೆ, ಹಿಂದೆ ಬರುವವರಿಂದೆಲ್ಲ ಬೈಸಿಕೊಳ್ಳುತ್ತಾ ಕಾರ್ನ್‌ವಾಲ್ ಕಡೆ ಸಾಗುತ್ತಿರುತ್ತಾರೆ. ಎರಡನೆಯವರು ಮನೆಯಲ್ಲೇ ಇರುತ್ತಾರೆ, ಕೈಯಲ್ಲಿ ಅಳತೆಯ ಟೇಪು ಹಿಡಿದು. ನನ್ನ ಹೆಂಡತಿಯ ಅಣ್ಣ, ಮಿಲ್ಟನ್ ಕೀನ್ಸ್‌ನ ಭಾವ, ಈ ಎರಡನೆಯ ಜಾತಿಯ ಮಠಾಧಿಪತಿ.

ಭಾವನ ಬೇಡಿಕೆ ಕೇಳಿದರೆ ಅತಿ ಸಾಮಾನ್ಯ. ತಾನು, ಹೆಂಡತಿ, ಹದಿಹರೆಯದ ಮಗಳು, ಅವಳ ಬೆನ್ನಿಗೇ ಬೆಳೆಯುತ್ತಿರುವ ಮಗ, ಈ ನಾಲ್ವರೂ ಜಗಳವಿಲ್ಲದೆ ಮಲಗಿ ಏಳುವಂಥ ಲೇಔಟ್ ಬೇಕು. ಆದರೆ ಮಾಮೂಲಿ ಕಾರು ಎಳೆಯುವ ಕ್ಯಾರವಾನಿನ ಮೈ 7 ಮೀಟರ್ ಉದ್ದ, 2.55 ಮೀಟರ್ ಅಗಲ ದಾಟಬಾರದು ಎಂದು ಇಲ್ಲಿನ ಕಾನೂನು. ಅಷ್ಟರಲ್ಲೇ ಅಡುಗೆಮನೆ, ಬಚ್ಚಲು, ಫ್ರಿಜ್, ಬೀರು, ಊಟದ ಮೇಜು. ಮಕ್ಕಳು ಚಿಕ್ಕವರಿದ್ದರೆ ತೊಂದರೆಯಿಲ್ಲ. ಹಿಂದುಗಡೆ ಒಂದರ ಮೇಲೊಂದು ಎರಡು ಬಂಕ್, ಎಂಟಕ್ಕೆ ಪರದೆ ಎಳೆದು ದೀಪ ಆರಿಸಿ, ಮುಂದಿನ ಸೋಫಾಗಳನ್ನು ಜೋಡಿಸಿ ಹಾಸಿಗೆ ಮಾಡಿಕೊಂಡು ಅಪ್ಪ ಅಮ್ಮ ಮಲಗಿಬಿಡಬಹುದು. ಬೆಳೆದ ಮಕ್ಕಳೆಂದರೆ ಹಾಗಲ್ಲ, ಅವರ ಹೊತ್ತೇ ಬೇರೆ. ನಾವು ಆಕಳಿಸುವಾಗ ಅವರಿಗೆ ಸಂಜೆ ಶುರುವಾಗುತ್ತದೆ, ನಾವು ಕಾಫಿಗೆ ನೀರಿಡುವಾಗ ಅವರಿಗೆ ಮಧ್ಯರಾತ್ರಿ.

ಇದನ್ನು ಭಾವ ನನಗೆ ಉಪ್ಪಿನಕಾಯಿ ಬಾಟಲು, ಚಮಚ, ಹಪ್ಪಳ ಜೋಡಿಸಿ ವಿವರಿಸುತ್ತಾರೆ, ಊಟಕ್ಕೆ ಕರೆದಾಗಲೆಲ್ಲ. ಹಿಂದೆ ನಡುಮಂಚದ ಕೋಣೆ ಗಂಡಹೆಂಡತಿಗೆ, ಮುಂದಿನ ಎರಡು ಸೋಫಾ ಮಕ್ಕಳಿಗೆ ಎಂದುಕೋ. ಮಕ್ಕಳು ಹನ್ನೊಂದಕ್ಕೆ ಏಳುವವರೆಗೆ ನಾವು ತಿಂಡಿಗೆ ಎಲ್ಲಿ ಕೂರುವುದು? ಸರಿ, ಮಕ್ಕಳಿಗೆ ಬಂಕ್ ಎಂದುಕೋ. ಮಗನ ಕಾಲು ಹೊರಗೆ. ಕ್ಯಾರವಾನಿಗೆ ತಾಗಿಸಿ ಕಟ್ಟುವ ಆನಿಂಗ್ ಡೇರೆಯಲ್ಲಿ ಮಗ ಮಲಗಲಿ ಎಂದುಕೋ. ವೇಲ್ಸಿನ ಮಳೆಯಲ್ಲಿ? ಅವನಮ್ಮ ಒಪ್ಪುತ್ತಾಳಾ? ಇಷ್ಟರಲ್ಲಿ ನನ್ನ ಹಪ್ಪಳ ಮೆತ್ತಗಾಗಿರುತ್ತದೆ.

ತೂಕದ ಲೆಕ್ಕ ಇನ್ನೊಂದು ಪುರಾಣ. ತುಂಬಿದ ಕ್ಯಾರವಾನಿನ ಗರಿಷ್ಠ ತೂಕ ಕಾರಿನ ತೂಕದ 85 ಪ್ರತಿಶತದೊಳಗಿರಲಿ ಎಂಬುದು ಹೊಸಬರಿಗೆ ಇಲ್ಲಿ ಹೇಳುವ ಬುದ್ಧಿಮಾತು. ಭಾವ ಅದನ್ನು ವೇದವಾಕ್ಯ ಮಾಡಿಕೊಂಡು, ಇನ್ನೂ ಕೊಳ್ಳದ ಕ್ಯಾರವಾನಿಗೆ ಹೊಂದುವ ಭಾರೀ ಡೀಸೆಲ್ ಕಾರನ್ನು ಮೊದಲೇ ಕೊಂಡರು, ಅದಕ್ಕೆ ಕೊಕ್ಕೆಯನ್ನೂ ಹಾಕಿಸಿದರು. ಆ ಕೊಕ್ಕೆ ಈವರೆಗೆ ಎಳೆದಿರುವುದು ನನ್ನ ಪ್ಯಾಂಟಿನ ಕಾಲನ್ನು ಮಾತ್ರ. ಬಚ್ಚಲುಮನೆಯ ತಕ್ಕಡಿಯ ಮೇಲೆ ಕುಕ್ಕರು, ಇಡ್ಲಿ ಸ್ಟ್ಯಾಂಡು, ಮಿಕ್ಸಿ, ಸೋನಾ ಮಸೂರಿ ಚೀಲ ಎಲ್ಲವೂ ಒಂದೊಂದಾಗಿ ಕೂತು ಇಳಿದಿವೆ. ಮಿಕ್ಸಿ ಬೇಡ ಎಂದಾದ ದಿನ ಭಾವನ ಹೆಂಡತಿ ಮಾತು ಬಿಟ್ಟಿದ್ದರು.

1997ರ ಜನವರಿಯಿಂದೀಚೆಗೆ ಕಾರಿನ ಲೈಸೆನ್ಸ್ ಪಡೆದವರು ದೊಡ್ಡ ಕ್ಯಾರವಾನ್ ಎಳೆಯಬೇಕಾದರೆ ಬೇರೆ ಪರೀಕ್ಷೆ ಕೊಡಬೇಕಿತ್ತು. ಭಾವನಿಗೆ ಅದು ಬಹುಕಾಲ ಒಳ್ಳೆಯ ನೆಪವಾಗಿತ್ತು. 2021ರ ಡಿಸೆಂಬರ್ 16ರಂದು ಸರ್ಕಾರ ಆ ಪರೀಕ್ಷೆಯನ್ನೇ ಎತ್ತಿಹಾಕಿತು. ಅಭಿನಂದಿಸಲು ಫೋನ್ ಮಾಡಿದರೆ ಭಾವನ ದನಿ ಇಳಿದುಹೋಗಿತ್ತು. “ಈಗ ಲೇಔಟ್ ಫೈನಲ್ ಮಾಡಲೇಬೇಕಲ್ಲಪ್ಪ.”

ಹಾಗೆ ಫೈನಲ್ ಮಾಡಲೆಂದೇ ನಾವು ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಎನ್‌ಇಸಿಯಲ್ಲಿ ನಡೆಯುವ ಕ್ಯಾರವಾನ್ ಪ್ರದರ್ಶನಕ್ಕೆ ಹೋದೆವು. ನಾನೇಕೆ ಎಂದರೆ, ಭಾವನ ಮಗ ಬರಲು ಒಪ್ಪಲಿಲ್ಲ, ಎತ್ತರದಲ್ಲಿ ನಾನೂ ಅವನೂ ಒಂದೇ. ನಾನು ಡಮ್ಮಿ ಮಗ. ದೊಡ್ಡ ಹಜಾರದ ತುಂಬ ಕ್ಯಾರವಾನುಗಳು, ಒಳಗೆ ಪ್ಲಾಸ್ಟಿಕ್ ಹೂವು, ಖಾಲಿ ವೈನ್ ಗ್ಲಾಸು. ಜನ ಒಳಹೊಕ್ಕು, ಸೋಫಾ ಒತ್ತಿ ನೋಡಿ, “ಲವ್ಲಿ” ಎಂದು ಇಳಿಯುತ್ತಿದ್ದರು. ಭಾವ ಹಾಗೆ ಇಳಿಯುವವರಲ್ಲ.

ಎರಡು ಆಕ್ಸಲಿನ ಒಂದು ಗಜಗಾತ್ರದ ಕ್ಯಾರವಾನಿನಲ್ಲಿ ನನ್ನನ್ನು ಮೇಲಿನ ಬಂಕಿಗೆ ಹತ್ತಿಸಿದರು. ಮಂಡಿ ಮಡಿಸಿದೆ. “ಮಡಿಸಬೇಡ, ಹುಡುಗರು ಮಡಿಸಲ್ಲ” ಎಂದರು. ಕಾಲು ಚಾಚಿದೆ, ಪಾದ ಹಜಾರದ ಕಡೆ ಬಂತು. ಬರೆದುಕೊಂಡರು. ಆಮೇಲೆ, “ಈಗ ರಾತ್ರಿ ಎರಡು ಗಂಟೆ. ನಿನಗೆ ಬಚ್ಚಲಿಗೆ ಹೋಗಬೇಕು. ಕಣ್ಣು ಮುಚ್ಚು, ಇಳಿ. ಯಾರನ್ನೂ ಎಬ್ಬಿಸದೆ ಹೋಗು ನೋಡೋಣ.” ಇದೇ ಅವರ ರಾತ್ರಿ ಎರಡು ಗಂಟೆಯ ಪರೀಕ್ಷೆ. ಅವರ ಪ್ರಕಾರ ಲೇಔಟಿನ ಯೋಗ್ಯತೆ ಗೊತ್ತಾಗುವುದು ಸೋಫಾದಿಂದಲ್ಲ, ನಿದ್ದೆಗಣ್ಣಿನಲ್ಲಿ ಒಬ್ಬರು ಎಷ್ಟು ಜನರನ್ನು ದಾಟಬೇಕು ಎಂಬುದರಿಂದ.

ಅಷ್ಟರಲ್ಲಿ ಒಬ್ಬ ಇಂಗ್ಲಿಷ್ ಅಜ್ಜ, ಅಜ್ಜಿ ಒಳಗೆ ಬಂದರು. ಭಾವ ಸಂಕೋಚವೆಂಬುದೇ ಇಲ್ಲದೆ, ನಡುಮಂಚದಲ್ಲಿ ಅರೆಗಳಿಗೆ ಮಲಗುತ್ತೀರಾ, ನಮಗೆ ತಂದೆತಾಯಿ ಬೇಕಾಗಿದ್ದಾರೆ ಎಂದು ಕೇಳಿದರು. ಇಂಗ್ಲಿಷರ ಸೌಜನ್ಯ ಎಂಥದೆಂದರೆ ಅವರು ಬೂಟು ಬಿಚ್ಚಿ ಮಲಗಿಯೇಬಿಟ್ಟರು. ನಾನು ಕಣ್ಣು ಮುಚ್ಚಿ ಇಳಿದೆ, ತಲೆಯನ್ನು ಬೀರುವಿಗೆ ಹೊಡೆದುಕೊಂಡೆ, ಮಂಚದ ಮೂಲೆ ತಡವುತ್ತಾ ಹೋಗುವಾಗ ಅಜ್ಜನ ಕಾಲುಚೀಲ ಕೈಗೆ ಸಿಕ್ಕಿತು. “ನಾನು ಎಚ್ಚರವಾಗೇ ಇದ್ದೇನೆ ಮಗೂ” ಎಂದಿತು ಅಜ್ಜ. ಬಚ್ಚಲ ಬಾಗಿಲು ಫ್ರಿಜ್ಜಿಗೆ ಬಡಿಯಿತು. ಭಾವ “ಫೇಲ್” ಎಂದರು. ಮಾರಾಟದ ಹುಡುಗ ಬಾಗಿಲಲ್ಲಿ ನಿಂತು ಯಾರನ್ನು ಮೊದಲು ಇಳಿಸಬೇಕೆಂದು ಯೋಚಿಸುತ್ತಿದ್ದ.

ಅಜ್ಜ ಮಾತ್ರ ಈ ಆಟಕ್ಕೆ ಒಗ್ಗಿಕೊಂಡಿತ್ತು. ತನಗೆ ರಾತ್ರಿಗೆ ಮೂರು ಸಲ ಏಳಬೇಕು, ತನ್ನ ಪರೀಕ್ಷೆಯನ್ನೂ ಮಾಡಿ ಎಂದಿತು. ಬೂಟಿನ ದಾರ ಕಟ್ಟಿಕೊಳ್ಳುತ್ತಾ ಹೇಳಿತು: ತಾವೂ ಹಿಂದೆ ಮಕ್ಕಳಿಗಾಗಿ ಬಂಕಿನ ಕ್ಯಾರವಾನನ್ನೇ ಹುಡುಕಿ ಕೊಂಡಿದ್ದರಂತೆ. ಮಕ್ಕಳು ಎರಡು ಬೇಸಿಗೆ ಮಲಗಿದರು. ಆಮೇಲೆ ಬಂಕುಗಳ ಮೇಲೆ ಫ್ರಾನ್ಸಿನಿಂದ ತಂದ ವೈನ್ ಪೆಟ್ಟಿಗೆ ಇಡುತ್ತಿದ್ದರಂತೆ. ಭಾವ ಕೇಳಿಸಿಕೊಳ್ಳಲಿಲ್ಲ, ಫ್ರಿಜ್ಜಿನ ಅಂಚು ಅಳೆಯುತ್ತಿದ್ದರು. ನನಗೆ ಕೇಳಿಸಿತು.

ಮೈಸೂರಿನಿಂದ ಅತ್ತೆಯವರದೂ ಒಂದು ಷರತ್ತಿದೆ: ಉತ್ತರಕ್ಕೆ ತಲೆ ಹಾಕುವಂತಿಲ್ಲ. ಇಲ್ಲಿನ ಕ್ಲಬ್ ಸೈಟುಗಳಲ್ಲಿ ನಿಮ್ಮ ಕ್ಯಾರವಾನಿನ ಹಿಂಮೂಲೆ ಅವರು ನೆಟ್ಟ ಗೂಟಕ್ಕೆ ಬರಬೇಕು, ಪಕ್ಕದವರಿಂದ 6 ಮೀಟರ್ ದೂರ ಇರಬೇಕು. ಅಂದಮೇಲೆ ನಮ್ಮ ವಾಸ್ತು ವಾರ್ಡನ್ನನ ಕೈಯಲ್ಲಿ. ಈ ಮಾತನ್ನು ಅತ್ತೆಗೆ ಹೇಳುವ ಧೈರ್ಯ ಭಾವನಿಗಿಲ್ಲ.

ಭಾವನ ಆದರ್ಶ ಪುರುಷ ಡಾಕ್ಟರ್ ಗಾರ್ಡನ್ ಸ್ಟೇಬಲ್ಸ್. 1885ರಲ್ಲಿ ‘ವಾಂಡರರ್’ ಎಂಬ ಕುದುರೆ ಕ್ಯಾರವಾನ್ ಮಾಡಿಸಿಕೊಂಡು, ಸೇವಕ, ಸಾರಥಿ, ದೊಡ್ಡ ನಾಯಿ, ಒಂದು ಕಾಕಟೂ ಗಿಳಿಯೊಂದಿಗೆ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದಾತ. ಮೋಜಿಗಾಗಿಯೇ ಕ್ಯಾರವಾನ್ ಕಟ್ಟಿಸಿದವರಲ್ಲಿ ಮೊದಲಿಗನೆಂದು ಖ್ಯಾತಿ. “ಗಿಳಿಗೆ ಬಂಕ್ ಬೇಡವಲ್ಲ, ಅವನಿಗೇನು” ಎನ್ನುತ್ತಾರೆ ಭಾವ, ಅಸೂಯೆಯಿಂದ.

ಒಮ್ಮೆ ಪೆಂಬ್ರೋಕ್‌ಶೈರಿನಲ್ಲಿ ಕ್ಯಾರವಾನ್ ಬಾಡಿಗೆಗೆ ಹಿಡಿದು ಎರಡೂ ಮನೆಯವರು ಇಳಿದಿದ್ದೆವು. ಮಳೆ ನಿಲ್ಲಲಿಲ್ಲ. ಮಕ್ಕಳು ತಮತಮಗೆ ಗೊತ್ತು ಮಾಡಿದ್ದ ಕೋಣೆ, ಬಂಕು ಎಲ್ಲ ಬಿಟ್ಟು, ಇದ್ದ ದಿಂಬುಗಳನ್ನೆಲ್ಲ ಲೌಂಜಿನ ನೆಲಕ್ಕೆ ಎಳೆದು, ಸಾಗರದ ಅಜ್ಜನ ಮನೆಯ ಪಡಸಾಲೆಯಲ್ಲಿ ಮದುವೆ ಹಿಂದಿನ ರಾತ್ರಿ ನಾವು ಬಿದ್ದುಕೊಳ್ಳುತ್ತಿದ್ದಂತೆ ಸಾಲಾಗಿ ಬಿದ್ದುಕೊಂಡು ಇಸ್ಪೀಟಾಡಿದರು. ಬಚ್ಚಲಿಗೆ ಹೋಗಲು ಎಲ್ಲರನ್ನೂ ತುಳಿಯಬೇಕಿತ್ತು. ತುಳಿದೆವು, ಬೈಸಿಕೊಂಡೆವು. ಭಾವ ಆ ರಾತ್ರಿ ಟೇಪು ಹೊರಗೆ ತೆಗೆಯಲಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ಮಗಳು ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಹೋದಳು. ಅವಳ ಸಾಮಾನು ಸಾಗಿಸಲು ಆ ಡೀಸೆಲ್ ಕಾರು ಕೊನೆಗೂ ಕೆಲಸಕ್ಕೆ ಬಂತು. ಇನ್ನು ಭಾವ ಕ್ಯಾರವಾನಿನ ಮಾತೆತ್ತಲಾರರು ಎಂದುಕೊಂಡೆ. ಸ್ವಲ್ಪ ಬೇಸರವೂ ಆಯಿತು. ಏಕೆಂದರೆ ಈಗೀಗ ನನಗೂ ಅಭಿಪ್ರಾಯಗಳು ಹುಟ್ಟಿಕೊಂಡಿವೆ. ಯುಗಾದಿ ಊಟದಲ್ಲಿ ಅಪರಿಚಿತರೊಬ್ಬರಿಗೆ ಪಕ್ಕದ ಮೇಜಿಗಿಂತ ಉದ್ದ ಸೋಫಾವೇ ಲೇಸು ಎಂದು ನಾನು ಹೋಳಿಗೆ ಮಡಿಸಿ ತೋರಿಸುತ್ತಿದ್ದುದನ್ನು ಹೆಂಡತಿ ನೋಡಿದ್ದಾಳೆ.

ಮೊನ್ನೆ ಮಲಗಿದ ಮೇಲೆ ಭಾವನ ಫೋನ್. “ಮೂವರಿಗೆ ಆಗುವಂಥದ್ದು ನೋಡಿದ್ದೆ. ಆದರೆ ರಜಕ್ಕೆ ಮಗಳು ಗೆಳತಿಯನ್ನೂ ಕರ್ಕೊಂಡು ಬರ್ತಾಳಂತೆ. ಅಂದ್ರೆ ಐದು. ಎಲ್ಲ ಮೊದಲಿಂದ ಶುರು.” ದನಿಯಲ್ಲಿ ಹಬ್ಬದ ಕಳೆ. ನಾನು ಎದ್ದು ಕುಳಿತು ಸೋಫಾ ಎಷ್ಟುದ್ದ ಎಂದು ಕೇಳಿದೆ. ಮಾತು ಬೆಳೆಯಿತು. ಹೆಂಡತಿ ಒಂದಷ್ಟು ಹೊತ್ತು ಮಗ್ಗುಲು ಬದಲಿಸಿ, ಕೊನೆಗೆ ದಿಂಬು ಎತ್ತಿಕೊಂಡು ಮಕ್ಕಳ ಕೋಣೆಗೆ ಹೋದಳು.

ಬಾಗಿಲ ಸದ್ದು ಭಾವನಿಗೂ ಕೇಳಿಸಿತು. “ಈಗ ಹೋದಳಲ್ಲ,” ಎಂದರು, “ನಿನ್ನನ್ನು ದಾಟಿ ಹೋದಳಾ, ಸುತ್ತಿಕೊಂಡು ಹೋದಳಾ?”