ಇದ್ದಲ್ಲಿ ಇದ್ದಂತೆ, ಬಿದ್ದವನ ಮೇಲೆ ಬಿದ್ದಂತೆ

ಸಾಲ ಕೊಡುವಾಗ ಬ್ಯಾಂಕಿಗೆ ನಿಮ್ಮ ಮನೆಯ ಬಗ್ಗೆ ಎಲ್ಲವೂ ಗೊತ್ತಿರುತ್ತದೆ. ಹರಾಜು ಹಾಕುವಾಗ ಏನೂ ಗೊತ್ತಿರುವುದಿಲ್ಲ.

ಕೊಡುವಾಗಿನ ಶ್ರದ್ಧೆ ನೋಡಬೇಕು ನೀವು. ಮೂವತ್ತು ವರ್ಷದ ಇ.ಸಿ. ತನ್ನಿ. ಮದರ್ ಡೀಡ್ ತನ್ನಿ. ಖಾತೆ, ಕಂದಾಯದ ರಸೀದಿ, ಮಂಜೂರಾದ ನಕ್ಷೆ ತನ್ನಿ. ಅಜ್ಜ ಬರೆಸಿದ ಪಾಲುಪಟ್ಟಿಯೂ ಇರಲಿ. ಪ್ಯಾನಲ್ ವಕೀಲರು ಎಲ್ಲವನ್ನೂ ಓದಿ, ಹಕ್ಕು ಅಪ್ಪಟ ಎಂದು ಬರೆದುಕೊಡುತ್ತಾರೆ. ವ್ಯಾಲ್ಯುಯರ್ ಬಂದು ಟೇಪು ಹಿಡಿದು, ಗೋಡೆ ತಟ್ಟಿ, ಬೆಲೆ ಕಟ್ಟುತ್ತಾರೆ. ಇಬ್ಬರ ಫೀಸೂ ನಿಮ್ಮ ಜೇಬಿನಿಂದ. ವರದಿ ಮಾತ್ರ ಬ್ಯಾಂಕಿನ ಕಪಾಟಿಗೆ.

ಆಮೇಲೆ ಕೆಲಸ ಹೋಗುತ್ತದೆ. ಇಲ್ಲವೇ ಮನೆಯಲ್ಲೊಬ್ಬರು ಐಸಿಯು ಸೇರುತ್ತಾರೆ. ಬಾಕಿ 90 ದಿನ ದಾಟಿತೋ, ಸಾಲದ ಖಾತೆ ಎನ್‌ಪಿಎ. 2002ರ ಸರ್ಫೇಸಿ ಕಾಯ್ದೆ ಮೈಕೊಡವಿ ಏಳುತ್ತದೆ. ಕಲಂ 13(2)ರ ನೋಟಿಸು, 60 ದಿನದ ಗಡುವು. ಅದು ಮುಗಿದರೆ 13(4)ರಡಿ ಸ್ವಾಧೀನ. ಕೋರ್ಟಿನ ತೀರ್ಪು ಬೇಕಿಲ್ಲ. ಬ್ಯಾಂಕೇ ವಾದಿ, ಬ್ಯಾಂಕೇ ಅಮೀನ.

ಬಾಗಿಲಿಗೊಂದು ಕಾಗದ ಅಂಟುತ್ತದೆ. ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲೊಂದು ಸ್ಥಳೀಯ ಭಾಷೆಯದ್ದೇ ಆಗಿರಬೇಕೆಂದು ನಿಯಮ. ಕನ್ನಡಕ್ಕೆ ಇಷ್ಟು ಕಡ್ಡಾಯದ ಗೌರವ ಬ್ಯಾಂಕಿನ ಯಾವ ಕೌಂಟರಿನಲ್ಲೂ ಸಿಗುವುದಿಲ್ಲ. ಸಾಲದ ಕರಾರು ಇಂಗ್ಲಿಷಿನಲ್ಲಿ. ಮಾನದ ಹರಾಜು ಕನ್ನಡದಲ್ಲಿ.

ಆ ಪ್ರಕಟಣೆಯ ಷರತ್ತುಗಳನ್ನು ಭೂತಗನ್ನಡಿ ಹಿಡಿದಾದರೂ ಓದಿ. ಆಸ್ತಿಯನ್ನು ‘ಇದ್ದಲ್ಲಿ ಇದ್ದಂತೆ, ಏನಿದೆಯೋ ಅದರಂತೆ’ ಮಾರಲಾಗುತ್ತದೆ. ಹಕ್ಕಿನಲ್ಲಿ ತಕರಾರಿದೆಯೇ? ಕೊಳ್ಳುವವರೇ ವಿಚಾರಿಸಿಕೊಳ್ಳಬೇಕು. ಕಂದಾಯ ಬಾಕಿಯಿದೆಯೇ? ಕೊಳ್ಳುವವರೇ ವಿಚಾರಿಸಿಕೊಳ್ಳಬೇಕು. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್, ನೀರಿನ ಬಿಲ್ಲು? ಅದೂ ಅವರದೇ. ಬ್ಯಾಂಕಿಗೆ ‘ತಿಳಿದ ಮಟ್ಟಿಗೆ’ ಬೇರೆ ಋಣಭಾರವಿಲ್ಲ. ಅದರ ತಿಳಿವಳಿಕೆಯ ಮಟ್ಟ ಎಷ್ಟು ಎಂಬುದನ್ನು ಮಾತ್ರ ಕೇಳಬಾರದು.

ಹಾಗಾದರೆ ಆ ಪ್ಯಾನಲ್ ವಕೀಲರು ಓದಿದ್ದೇನು? ಅಪ್ಪಟ ಎಂದ ಹಕ್ಕು ಐದೇ ವರ್ಷದಲ್ಲಿ ಅನುಮಾನಾಸ್ಪದ ಆದದ್ದು ಹೇಗೆ? ನಿಮ್ಮ ದುಡ್ಡಿನಲ್ಲಿ ಬರೆಸಿದ ಆ ವರದಿಯನ್ನು ಹರಾಜಿನ ಕಾಗದದ ಜೊತೆ ಲಗತ್ತಿಸಲು ಬ್ಯಾಂಕಿಗೇಕೆ ಇಷ್ಟು ಸಂಕೋಚ?

ಬೆಲೆಯದ್ದೂ ಇದೇ ಕಥೆ. ಸಾಲ ಕೊಟ್ಟ ದಿನ ಎಂಬತ್ತು ಲಕ್ಷ ಬಾಳುವ ಮನೆ ಎನ್ನಿ. ಹರಾಜಿನ ದಿನ ಮೀಸಲು ಬೆಲೆ ಐವತ್ತೈದು. ನಡುವೆ ಅದೇ ರಸ್ತೆಗೆ ಮೆಟ್ರೋ ಬಂದಿರುತ್ತದೆ, ಪಕ್ಕದ ಸೈಟಿನ ಬೆಲೆ ಇಮ್ಮಡಿಯಾಗಿರುತ್ತದೆ. ಈ ಒಂದು ಮನೆ ಮಾತ್ರ ನೋಟಿಸು ಕಂಡು ಹೆದರಿ ಅಗ್ಗವಾಗಿದೆ.

ಕರೆಂಟಿನ ವಿಷಯ ಕೇಳಿ. ಹಳೇ ಮಾಲೀಕ ಉರಿಸಿದ ದೀಪಕ್ಕೆ ಹರಾಜಿನಲ್ಲಿ ಕೊಂಡವನು ದುಡ್ಡು ಕಟ್ಟಬೇಕೇ? ವಿದ್ಯುತ್ ನಿಯಮಗಳಲ್ಲಿ ಅವಕಾಶವಿದ್ದರೆ ಆ ಬಾಕಿಯನ್ನು ಹೊಸಬನಿಂದ ಕೇಳಬಹುದು ಎಂದು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಕೆ.ಸಿ. ನಿನನ್ ಪ್ರಕರಣದಲ್ಲಿ ಹೇಳಿತು. ಇದ್ದಲ್ಲಿ ಇದ್ದಂತೆ ಎಂದು ಒಪ್ಪಿ ಕೊಂಡಿರಲ್ಲ ಸ್ವಾಮಿ, ಅನುಭವಿಸಿ.

ಈ ಆಟದಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಕೆಳಗೆ ಬೀಳುವವನು ಸಾಲ ಮಾಡಿದವನೂ ಅಲ್ಲ, ಹರಾಜಿನಲ್ಲಿ ಕೊಂಡವನೂ ಅಲ್ಲ. ಬೆಂಗಳೂರಿನ ಲೀಸ್ ಬಾಡಿಗೆದಾರ. ಊರಿನ ಜಮೀನು ಮಾರಿಯೋ, ಹೆಂಡತಿಯ ಒಡವೆ ಅಡವಿಟ್ಟೋ ಇಪ್ಪತ್ತು ಲಕ್ಷ ಹೊಂದಿಸುತ್ತಾನೆ. ಮಾಲೀಕನ ಕೈಗೆ ಇಟ್ಟುಬಿಡುತ್ತಾನೆ. ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ವಾಪಸ್. ಕರಾರು ಛಾಪಾ ಕಾಗದದ ಮೇಲೆ. ನೋಂದಣಿಗೆ ದುಡ್ಡೇಕೆ ದಂಡ ಎಂದು ಬ್ರೋಕರ್ ಹೇಳಿರುತ್ತಾನೆ. ಮನೆ ಅದಾಗಲೇ ಬ್ಯಾಂಕಿಗೆ ಅಡಮಾನವಾಗಿದೆ ಎಂಬುದನ್ನು ಮಾತ್ರ ಹೇಳಿರುವುದಿಲ್ಲ.

ಮಾಲೀಕ ಆ ಇಪ್ಪತ್ತು ಲಕ್ಷವನ್ನೂ ತಿಂದ, ಬ್ಯಾಂಕಿನ ಕಂತನ್ನೂ ನಿಲ್ಲಿಸಿದ. ಈಗ ಬಾಗಿಲಿಗೆ ಬಂದ ಅಧಿಕಾರಿ ಕೇಳುತ್ತಾನೆ: ನೀವು ಯಾರು? ಅಡಮಾನದ ನಂತರ, ಬ್ಯಾಂಕಿನ ಒಪ್ಪಿಗೆಯಿಲ್ಲದೆ, ನೋಂದಣಿಯೂ ಇಲ್ಲದೆ ಬರೆದ ಕರಾರು ಕಾನೂನಿನ ಕಣ್ಣಿಗೆ ಬೀಳುವುದೇ ಕಷ್ಟ. ಬಾಡಿಗೆದಾರನೂ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು ಎಂದು 2016ರ ತಿದ್ದುಪಡಿ ಉದಾರವಾಗಿ ಹೇಳುತ್ತದೆ. ಹೋಗಿ ಏನು ತೋರಿಸುವುದು? ಐನೂರು ರೂಪಾಯಿಯ ಛಾಪಾ ಕಾಗದವನ್ನೇ? ಹರಾಜಿನ ದುಡ್ಡಿನಲ್ಲಿ ಮೊದಲ ಪಾಲು ಬ್ಯಾಂಕಿನದು. ಎರಡನೆಯ ಪಾಲು ಉಳಿಯುವುದು ಅಪರೂಪ. ಸಾಲ ಕೊಡುವಾಗ ಅಡುಗೆಮನೆಯವರೆಗೆ ಬಂದು ಅಳೆದ ಬ್ಯಾಂಕಿನವರು, ಆಮೇಲೆ ಒಳಗೆ ಯಾರು ವಾಸವಿದ್ದಾರೆ ಎಂದು ಒಮ್ಮೆಯೂ ಇಣುಕಿ ನೋಡಲಿಲ್ಲ. ಕಂತು ಬರುತ್ತಿತ್ತಲ್ಲ, ಸಾಕು.

ಹರಾಜಿನವರೆಗೆ ಹೋಗುವ ಮೊದಲೇ ಸಾಲಗಾರ ತಾನೇ ಮನೆ ಮಾರಿ ಕೈತೊಳೆದುಕೊಳ್ಳಬಾರದೇ ಎನ್ನುವ ಬುದ್ಧಿವಂತರಿದ್ದಾರೆ. ಮಾರಿ ನೋಡಿ. ಕೊಳ್ಳುವವನು ಮೂಲಪತ್ರ ತೋರಿಸಿ ಎನ್ನುತ್ತಾನೆ. ಮೂಲಪತ್ರ ಬ್ಯಾಂಕಿನಲ್ಲಿದೆ. ಬ್ಯಾಂಕು ಮೊದಲು ಸಾಲ ತೀರಿಸಿ ಎನ್ನುತ್ತದೆ. ಸಾಲ ತೀರಿಸಲೆಂದೇ ಮಾರಲು ಹೊರಟವನು ನಡುವೆ ನಿಂತಿರುತ್ತಾನೆ. 13(2)ರ ನೋಟಿಸು ಬಂದಿದ್ದರಂತೂ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರುವಂತೆಯೇ ಇಲ್ಲ.

ಅಮೆರಿಕದಲ್ಲಿ ಇದಕ್ಕೊಂದು ದಾರಿಯಿದೆ. ಸಾಲಕ್ಕಿಂತ ಮನೆಯ ಬೆಲೆ ಕೆಳಗಿಳಿದರೆ, ಬ್ಯಾಂಕಿನ ಸಮ್ಮತಿಯಿಂದಲೇ ಕಡಿಮೆಗೆ ಮಾರುವುದು. ಶಾರ್ಟ್ ಸೇಲ್ ಎನ್ನುತ್ತಾರೆ. 2008ರ ಕುಸಿತದ ನಂತರ ಅಲ್ಲಿನ ನಮ್ಮ ಕನ್ನಡಿಗರಿಗೂ ಈ ಮಾತು ಬಾಯಿಪಾಠವಾಯಿತು. ಹಾಗೆ ಒಪ್ಪಿ ಮಾರಿದ ಮೇಲೆ ಉಳಿದ ಬಾಕಿಗಾಗಿ ಬೆನ್ನು ಹತ್ತುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ 2011ರಲ್ಲಿ ಕಾನೂನನ್ನೇ ಮಾಡಿತು. ನಮ್ಮಲ್ಲಿ? ಮನೆ ಹರಾಜಾದ ಮೇಲೂ ಕಡಿಮೆ ಬಿದ್ದ ಮೊತ್ತಕ್ಕೆ ಕಲಂ 13(10) ಇದೆ. ಮನೆಯೂ ಹೋಯಿತು, ಸಾಲವೂ ಉಳಿಯಿತು.

ಒನ್ ಟೈಮ್ ಸೆಟಲ್‌ಮೆಂಟ್ ಇದೆಯಲ್ಲ ಎನ್ನಬೇಡಿ. ಅದನ್ನು ಸಾಲಗಾರ ಹಕ್ಕೆಂದು ಕೇಳುವಂತಿಲ್ಲ ಎಂದು 2021ರ ಡಿಸೆಂಬರಿನಲ್ಲಿ ಬಿಜ್ನೋರ್ ಅರ್ಬನ್ ಕೋಆಪರೇಟಿವ್ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬ್ಯಾಂಕು ಮನಸ್ಸು ಮಾಡಬೇಕು. ಮನಸ್ಸು ಮಾಡುವುದು ದೊಡ್ಡವರಿಗೆ. ಬೇಕೆಂದೇ ಕಟ್ಟದವರು, ವಂಚಕರು ಎಂದು ಹಣೆಪಟ್ಟಿ ಹಚ್ಚಿಸಿಕೊಂಡವರ ಜೊತೆಗೂ ರಾಜಿ ಮಾಡಿಕೊಳ್ಳಬಹುದು ಎಂದು 2023ರ ಜೂನ್ 8ರಂದು ಹೇಳಿದ್ದು ಸಾಕ್ಷಾತ್ ರಿಸರ್ವ್ ಬ್ಯಾಂಕು.

ಅಲೋಕ್ ಇಂಡಸ್ಟ್ರೀಸ್ ಎಂಬ ಜವಳಿ ಕಂಪನಿಯ ಬಾಕಿ ಸುಮಾರು 29,500 ಕೋಟಿ. ಬ್ಯಾಂಕುಗಳು ಒಪ್ಪಿಕೊಂಡದ್ದು 5,052 ಕೋಟಿಯ ಯೋಜನೆಗೆ. 2014-15ರಿಂದ ಒಂಬತ್ತು ವರ್ಷಗಳಲ್ಲಿ ಬ್ಯಾಂಕುಗಳು ಲೆಕ್ಕದಿಂದ ತೆಗೆದದ್ದು 14.56 ಲಕ್ಷ ಕೋಟಿ ಎಂದು ಸರ್ಕಾರವೇ 2023ರಲ್ಲಿ ಸಂಸತ್ತಿಗೆ ತಿಳಿಸಿತು. ಅರ್ಧಕ್ಕಿಂತ ಹೆಚ್ಚು ದೊಡ್ಡ ಉದ್ದಿಮೆಗಳದ್ದು. ಲೆಕ್ಕದಿಂದ ತೆಗೆದರೆ ಮನ್ನಾ ಎಂದಲ್ಲ, ವಸೂಲಿ ನಡೆಯುತ್ತಲೇ ಇರುತ್ತದೆ ಎಂದು ಬ್ಯಾಂಕಿನವರು ತಿದ್ದುತ್ತಾರೆ. ಸರಿ. ಅಷ್ಟರಲ್ಲಿ ವಸೂಲಾದದ್ದು ಸುಮಾರು 2.04 ಲಕ್ಷ ಕೋಟಿ. ತಿದ್ದುಪಡಿ ಸ್ವೀಕರಿಸಲಾಗಿದೆ.

ನಮ್ಮ ಮಲ್ಯ ಸಾಹೇಬರನ್ನು ಮರೆಯಲಾದೀತೇ? ಮುಂಬೈ ವಿಮಾನ ನಿಲ್ದಾಣದ ಬಗಲಿನ ಕಿಂಗ್‌ಫಿಷರ್ ಹೌಸ್ 2016ರ ಮಾರ್ಚಿನಲ್ಲಿ ಹರಾಜಿಗೆ ಬಂದಾಗ ಮೀಸಲು ಬೆಲೆ 150 ಕೋಟಿ. ಒಬ್ಬನೂ ಕೂಗಲಿಲ್ಲ. ಬೆಲೆ ಇಳಿಸಿದರು, ಮತ್ತೆ ಇಳಿಸಿದರು. 2021ರಲ್ಲಿ 52.25 ಕೋಟಿಗೆ ಹೋಯಿತು. ಐದು ವರ್ಷದ ತಾಳ್ಮೆ! ಲಗ್ಗೆರೆಯ ಇಪ್ಪತ್ತು-ಮೂವತ್ತರ ಸೈಟಿನ ಮನೆಗೆ ಬ್ಯಾಂಕು ಇಂಥ ತಾಳ್ಮೆ ತೋರಿದ್ದನ್ನು ಕಂಡವರಿದ್ದರೆ ಕೈ ಎತ್ತಿ.

ನ್ಯಾಯ ಬೇಕಾದವರು ಕಲಂ 17ರಡಿ 45 ದಿನದೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈಯಲ್ಲಿ. ಅದಕ್ಕೆ ಮೊದಲು ಬಾಕಿಯ ಅರ್ಧ ಠೇವಣಿ ಇಡಬೇಕು. ದಯೆ ತೋರಿದರೆ ಕಾಲುಭಾಗ. ಸಾಲ ಕಟ್ಟಲು ದುಡ್ಡಿಲ್ಲವೆಂದು ಮನೆ ಕಳೆದುಕೊಂಡವನು ಅರ್ಧ ಸಾಲ ಕಟ್ಟಿ, ತನ್ನ ಬಳಿ ದುಡ್ಡಿಲ್ಲವೆಂದು ವಾದಿಸಬೇಕು. ಸ್ವಾಧೀನಕ್ಕೆ ನೆರವು ಕೋರಿ ಬ್ಯಾಂಕು ಹಾಕುವ ಕಲಂ 14ರ ಅರ್ಜಿಯನ್ನು ಮ್ಯಾಜಿಸ್ಟ್ರೇಟರು 30 ದಿನದಲ್ಲಿ, ಹೆಚ್ಚೆಂದರೆ 60 ದಿನದಲ್ಲಿ ತೀರ್ಮಾನಿಸಬೇಕೆಂಬ ಗಡುವೂ ಇದೆ. ಆದರೆ ಅದು ತಪ್ಪಿದರೂ ನಡೆಯುತ್ತದೆ ಎಂದು 2020ರಲ್ಲಿ ತೀರ್ಮಾನವಾಯಿತು. ಗಡುವು ಸಾಲಗಾರನಿಗೆ ಗೋಡೆ, ವ್ಯವಸ್ಥೆಗೆ ಪರದೆ.

ಇನ್ನು ನಾವು. ಬ್ಯಾಂಕಿಗೆ ಬೈಯುತ್ತಲೇ ಹರಾಜಿನ ಆಸ್ತಿಗಳ ಬ್ಯಾಂಕ್‌ನೆಟ್ ಪೋರ್ಟಲ್ ತೆರೆದು ಕೂರುವವರು. ಬಡ್ಡಿ ವ್ಯವಹಾರ ಪಾಪವೆಂದು ಪ್ರವಚನ ಕೇಳಿ ಬಂದು, ಹರಾಜಿನ ಫ್ಲಾಟು ಮೂವತ್ತು ಪರ್ಸೆಂಟ್ ಕಡಿಮೆಗೆ ಸಿಗುತ್ತದಂತೆ ಎಂದು ಭಾವಮೈದುನನಿಗೆ ಫೋನು ಮಾಡುವವರು. ಒಳಗೊಂದು ಕುಟುಂಬ ಇನ್ನೂ ಇದೆ ಎಂಬುದು ನಮಗೆ ಅಡ್ಡಿಯಲ್ಲ. ಆಗ್ನೇಯದಲ್ಲಿ ಅಡುಗೆಮನೆ ಇಲ್ಲದಿದ್ದರೆ ಅಡ್ಡಿ. ಸ್ವಾಧೀನ ಸಾಂಕೇತಿಕವೋ ನಿಜವೋ ಎಂದು ಕೇಳುವ ಮೊದಲೇ ಗೃಹಪ್ರವೇಶಕ್ಕೆ ಮುಹೂರ್ತ ಕೇಳಿರುತ್ತೇವೆ.

ಗೆದ್ದ ಮೇಲೆ ತಿಳಿಯುತ್ತದೆ. ಅಂದೇ, ತಪ್ಪಿದರೆ ಮರು ಕೆಲಸದ ದಿನ, ಮುಂಗಡವೂ ಸೇರಿ 25 ಪರ್ಸೆಂಟ್ ಕಟ್ಟಬೇಕು. ಉಳಿದದ್ದು 15 ದಿನದಲ್ಲಿ. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಗರಿಷ್ಠ ಮೂರು ತಿಂಗಳು. ದುಡ್ಡಿಗೆ ಎಲ್ಲಿಗೆ ಹೋಗುವುದು? ಹರಾಜು ಹಾಕಿದ ಬ್ಯಾಂಕಿಗೇ. ಅದು ಸಂತೋಷದಿಂದ ಅರ್ಜಿ ತೆಗೆದುಕೊಳ್ಳುತ್ತದೆ. ಇ.ಸಿ. ಕೇಳುತ್ತದೆ. ಲೀಗಲ್ ಫೀಸು ಕಟ್ಟಿಸಿಕೊಳ್ಳುತ್ತದೆ. ತನ್ನದೇ ಕಪಾಟಿನಲ್ಲಿರುವ ಪತ್ರಗಳನ್ನು ತನ್ನದೇ ವಕೀಲರಿಗೆ ಕಳಿಸಿ, ಹಕ್ಕು ಸರಿಯಿದೆಯೇ ಎಂದು ನೋಡಿಸುತ್ತದೆ. ವಕೀಲರು ಊರಲ್ಲಿಲ್ಲ. ಫೈಲು ರೀಜನಲ್ ಆಫೀಸಿನಲ್ಲಿದೆ. ದಿನಗಳು ಮಾತ್ರ ನಿಲ್ಲುವುದಿಲ್ಲ.

ಕಟ್ಟಲಾಗದಿದ್ದರೆ ಆ 25 ಪರ್ಸೆಂಟ್ ಪೂರ್ತಿ ಮುಟ್ಟುಗೋಲು. ಅದು ಸರಿಯೆಂದು 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮುದ್ರೆಯೂ ಬಿದ್ದಿದೆ. ಮನೆ ಬ್ಯಾಂಕಿನ ಬಳಿಯೇ ಉಳಿಯಿತು. ಇನ್ನೊಮ್ಮೆ ಪ್ರಕಟಣೆ, ಇನ್ನೊಮ್ಮೆ ಹರಾಜು. ಈ ಸಲ 30 ದಿನದ ನೋಟಿಸೂ ಬೇಕಿಲ್ಲ. ಮರುಹರಾಜಿಗೆ 15 ದಿನ ಸಾಕು.