ಶ್ರೀಮತ್ ಪವರ್ ಕೇಬಲ್ ಅವರ ಸನ್ನಿಧಾನಕ್ಕೆ

ಕ್ಷೇಮ, ಬಸವೇಶ್ವರನಗರ.

ಸಕಲಗುಣಸಂಪನ್ನರೂ, ಹೆಬ್ಬಾವಿನ ಗಾತ್ರದವರೂ, ರೋಡಿಯಂ ಲೇಪಿತ ಪಿನ್ನುಗಳುಳ್ಳವರೂ, ಒಟ್ಟು ಒಂದೂವರೆ ಮೀಟರ್ ಉದ್ದದವರೂ ಆದ ಮಹಾರಾಜಶ್ರೀ ಪವರ್ ಕೇಬಲ್ ಅವರಿಗೆ, ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿ ನಿವೃತ್ತಳಾದ ಈ ಮನೆಯ ಗೃಹಿಣಿ ಮಾಡುವ ಅನಂತ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ಅದಾಗಿ ಬಿನ್ನವಿಸಿಕೊಳ್ಳುವುದೇನೆಂದರೆ:

ಯಜಮಾನರ ಆಂಪ್ಲಿಫೈಯರಿಗೆ ಕರೆಂಟು ಕೊಡಲೆಂದು ತಾವು ನಮ್ಮ ಮನೆಗೆ ದಯಮಾಡಿಸಿದ್ದು ಮಖಮಲ್ಲು ಹಾಸಿದ ಮರದ ಪೆಟ್ಟಿಗೆಯಲ್ಲಿ. ಜೊತೆಗೆ ಸಹಿ, ಮೊಹರು ಇದ್ದ ಒಂದು ಪ್ರಮಾಣಪತ್ರ. ನಾನು ನಿವೃತ್ತಳಾದ ದಿನ ಕಾಲೇಜಿನವರು ಕೊಟ್ಟ ಮಾನಪತ್ರದ ಕಾಗದ ಅಷ್ಟು ದಪ್ಪ ಇರಲಿಲ್ಲ. ತಮ್ಮ ಬೆಲೆಯನ್ನು ನಮ್ಮ ಯಜಮಾನರು ನನಗೆ ಹೇಳಲಿಲ್ಲ. ಬ್ಯಾಂಕು ಹೇಳಿತು, ಎಸ್ಸೆಮ್ಮೆಸ್ಸಿನಲ್ಲಿ. ಅಂಕಿ ನೋಡಿ, ಕೊನೆಗೂ ನನಗೆ ಸ್ಕೂಟರ್ ಬುಕ್ ಮಾಡಿದರಲ್ಲ ಎಂದು ಸಂತೋಷಪಟ್ಟೆ. ಆ ಎರಡು ನಿಮಿಷದ ಸಂತೋಷಕ್ಕಾಗಿ ತಮಗೆ ನಾನು ಋಣಿ.

ತಮ್ಮ ವಂಶಾವಳಿಯನ್ನು ಪುಸ್ತಿಕೆಯಲ್ಲಿ ಓದಿ ಪುನೀತಳಾದೆ. ಜಪಾನಿನ ಚಿಬಾದ ಪ್ರೊಫೆಸರ್ ಅತ್ಸುಮಿ ಓನೊ ಕಂಡುಹಿಡಿದ ಎರಕದ ವಿಧಾನದಲ್ಲಿ, ಹರಳಿನ ಅಂಚುಗಳು ಅಡ್ಡ ಬಾರದಂತೆ ಎಳೆದ ತಾಮ್ರವಂತೆ ತಮ್ಮದು. ಶುದ್ಧತೆ ಶೇ. 99.9999. ಅದು ಸಾಲದೆಂದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅಭ್ಯಂಜನ. ಇಷ್ಟು ಮಡಿಯವರಾದ ತಾವು ಮುಟ್ಟುವ ಕರೆಂಟಿನ ಪೂರ್ವಾಶ್ರಮವನ್ನು ಯಾರಾದರೂ ತಮಗೆ ತಿಳಿಸಿದ್ದಾರೋ ಇಲ್ಲವೋ ಎಂಬ ಆತಂಕ ನನ್ನದು. ಅದು ಶರಾವತಿಯ ನೀರಿನಲ್ಲೋ, ರಾಯಚೂರಿನ ಕಲ್ಲಿದ್ದಲಿನಲ್ಲೋ, ಕೈಗಾದ ಅಣುವಿನಲ್ಲೋ, ಪಾವಗಡದ ಬಿಸಿಲಿನಲ್ಲೋ ಹುಟ್ಟುತ್ತದೆ. ಉಕ್ಕಿನ ತಿರುಳಿನ ಅಲ್ಯೂಮಿನಿಯಂ ತಂತಿಯಲ್ಲಿ ನೂರಾರು ಕಿಲೋಮೀಟರ್ ಬಂದು, ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಇಳಿಯುತ್ತ, ನಮ್ಮ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರಿಗೆ, ಅಂದರೆ ಟಿಸಿಗೆ, 11 ಸಾವಿರ ವೋಲ್ಟಿನಲ್ಲಿ ತಲುಪುತ್ತದೆ. ಅದೇ ಟಿಸಿಯಲ್ಲಿ ಹಿಟ್ಟಿನ ಗಿರಣಿಯೂ ಇದೆ, ವೆಲ್ಡಿಂಗ್ ಅಂಗಡಿಯೂ ಇದೆ. ಅಲ್ಲಿಂದ ಕಾಗೆ ಕೂರುವ ಸರ್ವಿಸ್ ವೈರು, ಮೀಟರ್ ಬೋರ್ಡು, ಮನೆ ಕಟ್ಟಿಸಿದ ಕಾಲದಲ್ಲಿ ಗೋಡೆಯೊಳಗೆ ತೂರಿಸಿದ ವೈರು. ಇಷ್ಟೆಲ್ಲ ಮೈಲಿಗೆಯನ್ನು ತಾವು ಕೊನೆಯ ಒಂದೂವರೆ ಮೀಟರಿನಲ್ಲಿ ಕಳೆಯುತ್ತೀರಂತೆ. ಕೈ ಮುಗಿದೆ.

ಚರಿತ್ರೆಯ ಒಂದು ಮಾತು, ತಮ್ಮ ಅಪ್ಪಣೆಯಿದ್ದರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂತು. ಸಾಕ್ಷಾತ್ ಚಿನ್ನದ ಗಣಿಗೇ ಕರೆಂಟು ಕೊಟ್ಟವರು ಕೂಡ ಚಿನ್ನದ ಪ್ಲಗ್ಗು ಕೇಳಿದ ದಾಖಲೆ ಇಲ್ಲ.

ಹಳೆಯ ಚಾಳಿ, ಸೀಮೆಸುಣ್ಣ ಕೈಗೆ ತಗೊಂಡೆ. ಹಾರ್ಡ್‌ವೇರ್ ಅಂಗಡಿಯ 1.5 ಚದರ ಮಿಲಿಮೀಟರಿನ ಸಾದಾ ತಾಮ್ರದ ವೈರು, ತಮ್ಮಷ್ಟೇ ಉದ್ದದ್ದು. ಹೋಗಿ ಬರುವ ಎರಡೂ ಎಳೆ ಸೇರಿ ಅದರ ರೋಧ ಸುಮಾರು 0.034 ಓಮ್. ಒಂದು ಆಂಪಿಯರ್ ಹರಿದರೆ 0.034 ವೋಲ್ಟ್ ನಷ್ಟ. ನಮ್ಮ ಗೋಡೆಯ 230 ವೋಲ್ಟು ಬೆಳಗಿನಿಂದ ರಾತ್ರಿಯೊಳಗೆ ಹತ್ತು ಹದಿನೈದು ವೋಲ್ಟ್ ಏರಿ ಇಳಿಯುವುದು ಸಾಮಾನ್ಯ. ತಾವು ಎಷ್ಟೇ ದಪ್ಪವಿದ್ದರೂ ಆ 0.034ಕ್ಕಿಂತ ಹೆಚ್ಚು ಉಳಿಸಿಕೊಡಲಾರಿರಿ. ಕೊಡುವ ಕರೆಂಟಾದರೂ ಆಂಪ್ಲಿಫೈಯರಿನೊಳಗೆ ಹೋದ ಕೂಡಲೇ ಕೂದಲೆಳೆಯಂಥ ಫ್ಯೂಸು ದಾಟಿ, ಟ್ರಾನ್ಸ್‌ಫಾರ್ಮರಿನಲ್ಲಿ ಸುತ್ತಿ, ಡಯೋಡಿನಲ್ಲಿ ಸೀಳಿ, ಕೆಪಾಸಿಟರಿನಲ್ಲಿ ತುಂಬಿ ಡಿಸಿ ಆಗಿಬಿಡುತ್ತದೆ. ರೋಡಿಯಂ ವಿಷಯ ಕೇಳಲೇಬಾರದಿತ್ತು. ಅದು ಸವೆಯದ, ಕಪ್ಪಾಗದ ಲೋಹ, ನಿಜ. ಕರೆಂಟು ಹರಿಸುವುದರಲ್ಲಿ ಮಾತ್ರ ತಾಮ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಸೋಮಾರಿ. ಇದನ್ನು ಯಜಮಾನರಿಗೆ ಹೇಳಿದೆ. "ನಿನ್ನದು ಲೆಕ್ಕ, ನನ್ನದು ಕಿವಿ" ಎಂದರು.

ಪ್ಲಗ್ಗಿನ ಪ್ರಸಂಗಕ್ಕೆ ಬರುತ್ತೇನೆ, ಕ್ಷಮೆಯಿರಲಿ. ತಮ್ಮ ಪಿನ್ನುಗಳು ಅಮೆರಿಕದ ಚಪ್ಪಟೆ ಪಿನ್ನುಗಳು. ನಮ್ಮ ಗೋಡೆಯ ತೂತುಗಳೋ ಬ್ರಿಟಿಷರ ಕಾಲದ ಮಾದರಿಯಿಂದ ಇಳಿದು ಬಂದ ದುಂಡು ತೂತುಗಳು. ತಾವು ಮೂರು ದಿನ ಪೆಟ್ಟಿಗೆಯಲ್ಲೇ ಮಲಗಿದ್ದಿರಿ. ಕೊನೆಗೆ ಯಜಮಾನರು ಹಾವನೂರು ಸರ್ಕಲ್ ಕಡೆ ಹೋಗಿ ಬಿಳಿ ಪ್ಲಾಸ್ಟಿಕ್ಕಿನ ಒಂದು ಅಡಾಪ್ಟರ್ ತಂದರು. ಮೊಬೈಲ್ ಚಾರ್ಜರಿಗೆ ಹಾಕುವಂಥದ್ದು, ಒಳಗೆ ತೆಳು ತಗಡಿನ ಹಿಡಿ, ಒಂದು ಕಾಫಿ ತಿಂಡಿಯ ಬೆಲೆ. ಅಂದಿನಿಂದ ದ್ರವ ಸಾರಜನಕದಲ್ಲಿ ಮಿಂದ ತಾವು ಅದರ ಬಾಯಲ್ಲಿ ಅರ್ಧ ಜೋತುಬಿದ್ದಿದ್ದೀರಿ, ತಮ್ಮ ಭಾರಕ್ಕೆ ಅದು ಸ್ವಲ್ಪ ಸ್ವಲ್ಪವೇ ಗೋಡೆ ಬಿಡುತ್ತಿದೆ. ಹೋಗುತ್ತ ಬರುತ್ತ ನಾನೇ ಅಂಗೈಯಿಂದ ಒತ್ತುತ್ತೇನೆ. ಈ ಸೇವೆಯ ಉಲ್ಲೇಖ ತಮ್ಮ ಪುಸ್ತಿಕೆಯ ಮುಂದಿನ ಆವೃತ್ತಿಯಲ್ಲಿ ಬಂದರೆ ಧನ್ಯಳು.

ತಮ್ಮ ಮೈಮೇಲಿನ ಬಾಣದ ಗುರುತೂ ನನ್ನ ಭಕ್ತಿಯನ್ನು ಹೆಚ್ಚಿಸಿದೆ. ಕರೆಂಟು ಇತ್ತ ಕಡೆಯಿಂದ ಅತ್ತ ಕಡೆಗೇ ಹರಿಯಬೇಕೆಂದು ತಮ್ಮ ಆಜ್ಞೆ. ನಮ್ಮ ದೇಶದ ಎಸಿ ಕರೆಂಟು 50 ಹರ್ಟ್ಸಿನದು, ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವ ಚಂಚಲೆ. ಬಾಣ ನೋಡಿಯಾದರೂ ತಿದ್ದಿಕೊಳ್ಳಲಿ. ಇನ್ನು ತಾವು ಪಳಗಲು 200 ಗಂಟೆ ಬೇಕು, ಅಲ್ಲಿಯವರೆಗೆ ತಮ್ಮ ನಿಜಗುಣ ತೆರೆಯದು ಎಂದೂ ಬರೆದಿದೆ. ತಕ್ಕ ಮಾತೇ, ಹಗಲು ಮಾತ್ರ ಹಾಡು ಹಾಕುವ ಮನೆಯಲ್ಲಿ ಅಷ್ಟರೊಳಗೆ ವಾಪಸು ಕೊಡುವ ಗಡುವೂ ಮುಗಿದಿರುತ್ತದೆ. ಯಜಮಾನರ ಕ್ಲಾಸ್ ಎ ಆಂಪ್ಲಿಫೈಯರ್ ಹಾಡಲಿ ಬಿಡಲಿ 200 ವ್ಯಾಟ್ ಕುಡಿದು ದೋಸೆ ಕಾವಲಿಯ ಹಾಗೆ ಕಾದಿರುತ್ತದೆ. ತಮ್ಮನ್ನು ಪಳಗಿಸಲೆಂದೇ ಅದು 40 ಯೂನಿಟ್ ಸುಟ್ಟಿತು. ಆ ತಿಂಗಳು ನಾವು 200 ಯೂನಿಟ್ ದಾಟಿ, ಸರ್ಕಾರದ ಗೃಹಜ್ಯೋತಿ ಯೋಜನೆಯ ಶೂನ್ಯ ಬಿಲ್ಲು ಕೈತಪ್ಪಿ, ಪೂರ್ತಿ ಬಿಲ್ಲು ಬಂತು. ಪ್ರಸಾದವೆಂದು ಕಣ್ಣಿಗೊತ್ತಿಕೊಂಡೆ.

ಈಗ ಆ ಭಾನುವಾರದ ವಿಷಯ. ತಮ್ಮನ್ನೂ ತಮ್ಮ ಪ್ರತಿಸ್ಪರ್ಧಿಗಳನ್ನೂ ಹೋಲಿಸಿ ನೋಡಲು ಸಭೆ ಸೇರಿತ್ತು. ವಿಜಯನಗರದ ರಾಯರು ಬಂದರು. ಕೆಂಗೇರಿ ಉಪನಗರದ ಗೆಳೆಯರು ತಮ್ಮದೇ ಒಂದು ಕೇಬಲ್ಲನ್ನು ರೇಷ್ಮೆ ಚೀಲದಲ್ಲಿ ಹಾಕಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮೆಟ್ರೊದಲ್ಲಿ ಬಂದರು. (ಆ ರೈಲು ಹಳಿಯ ಪಕ್ಕದ ಒಂದು ಮೂರನೇ ಹಳಿಯಿಂದ 750 ವೋಲ್ಟ್ ಡಿಸಿ ಉಜ್ಜಿಕೊಂಡು ಊರನ್ನೇ ಹೊತ್ತು ಓಡುತ್ತದೆ. ಯಾವ ಬಾಣದ ಗುರುತೂ ಇಲ್ಲ.) ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣ ಹಾಕಿದರು. ಹತ್ತು ಸೆಕೆಂಡ್ ಕೇಳುವುದು, ನಿಲ್ಲಿಸುವುದು, ಕೇಬಲ್ ಬದಲಿಸುವುದು, ಮತ್ತೆ ಅದೇ ಹತ್ತು ಸೆಕೆಂಡ್. ಮನ್ಸೂರರಿಗೆ ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಒಂದು ಆವರ್ತನವನ್ನೂ ಮುಗಿಸಲು ಬಿಡಲಿಲ್ಲ. ಅಂಥ ಹಳೆಯ ಟೇಪುಗಳಲ್ಲಿ ಮುದ್ರಿಸಿದ ದಿನದ ಕರೆಂಟಿನ ಗುಂಯ್‌ಗುಟ್ಟುವಿಕೆಯೇ ಎಷ್ಟೋ ಸಲ ಸೇರಿಕೊಂಡಿರುತ್ತದೆ. ಆ ಗುಂಯ್ ಹಿಡಿದು ಧ್ವನಿಮುದ್ರಣದ ಸಮಯ ಪತ್ತೆಮಾಡುವ ಅಪರಾಧ ತನಿಖೆಯವರೂ ಇದ್ದಾರೆ. ಅದನ್ನು ತೆಗೆಯಲು ತಾವು ಆ ಕಾಲಕ್ಕೇ ಹೋಗಿ ಸ್ಟುಡಿಯೊದ ಪ್ಲಗ್ಗಿಗೆ ಚುಚ್ಚಿಕೊಳ್ಳಬೇಕು.

ನಾನು ಅಡುಗೆಮನೆಯಲ್ಲಿ ಚಟ್ನಿ ರುಬ್ಬುತ್ತಿದ್ದೆ. ಮಿಕ್ಸಿ ನಿಂತುಹೋಯಿತು, ಫ್ರಿಜ್ಜೂ ಸುಮ್ಮನಾಯಿತು. ಕರೆಂಟು ಹೋಗಿದೆ. ಹಾಲಿನ ಪ್ಲಗ್ಗು ಯುಪಿಎಸ್ ಲೈನಿನಲ್ಲಿದೆ, ಹಾಡು ನಡುವೆ ನಿಲ್ಲಬಾರದೆಂದು ಯಜಮಾನರೇ ಹಾಕಿಸಿದ್ದು. ಶರಾವತಿ, ಕೈಗಾ, ಪಾವಗಡ ಎಲ್ಲ ಮಾಯವಾಗಿ, ಮೆಟ್ಟಿಲ ಕೆಳಗಿನ ಬ್ಯಾಟರಿಯಿಂದ ಮನ್ಸೂರರು ಹಾಡುತ್ತಿದ್ದರು. ಆಗ ಹಾಲಿನಿಂದ ರಾಯರ ದನಿ ಕೇಳಿತು: "ಅಹಹಾ, ಈಗ ಬಂತು ನೋಡಿ ಸಾರ್! ತಂಬೂರಿ ಹಿಂದಿನ ಕತ್ತಲೆ ಎಷ್ಟು ಕಪ್ಪಗಾಯ್ತು!" ಕೆಂಗೇರಿಯವರು, "ಇದು ಈ ಕೇಬಲ್ಲಿನ ಗುಣ ಸಾರ್, ಮೊದಲನೆಯದರಲ್ಲಿ ಇಷ್ಟು ಗಾಳಿಯಾಡ್ತಿರಲಿಲ್ಲ" ಎಂದರು. ಕರೆಂಟು ಹೋದದ್ದು ಒಬ್ಬರ ಕಿವಿಗೂ ಬಿದ್ದಿರಲಿಲ್ಲ. ನಾನು ಹೋಗಿ ಹೇಳಲಿಲ್ಲ. ಬಂದವರಿಗೆ ಚಟ್ನಿಯಿಲ್ಲದ ಇಡ್ಲಿ ಬಡಿಸಿದೆ, ಕಾರಣ ಯಾರೂ ಕೇಳಲಿಲ್ಲ.

ಕಿವಿಯನ್ನು ನಾನು ಹೀಯಾಳಿಸುವವಳಲ್ಲ. ಅರ್ಧ ಡೆಸಿಬೆಲ್ ಜೋರಾದರೂ ಸಾಕು, ಅದಕ್ಕೆ "ಜೋರು" ಎನಿಸುವುದಿಲ್ಲ, "ಚೆನ್ನಾಗಿದೆ" ಎನಿಸುತ್ತದೆ. 2007ರಲ್ಲಿ ಮೆಯರ್ ಮತ್ತು ಮೊರಾನ್ ಎಂಬಿಬ್ಬರು ಅಮೆರಿಕದಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಅದು ಕೇಬಲ್ಲಿನದಲ್ಲ. ದುಬಾರಿ ಹೈ-ರೆಸಲ್ಯೂಷನ್ ಸಂಗೀತವನ್ನು ಸಿಡಿಯ ಮಟ್ಟಕ್ಕೆ ಇಳಿಸಿದರೆ ಗೊತ್ತಾಗುತ್ತದೆಯೇ ಎಂಬುದು ಪ್ರಶ್ನೆ. ಯಾವುದು ಯಾವುದೆಂದು ಹೇಳದೆ ಕೇಳಿಸಿದ 554 ಸಲದಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಕಣ್ಣು ಕಟ್ಟಿ ಹೀಗೆ ಪರೀಕ್ಷೆ ಮಾಡೋಣವೆಂದು ನಮ್ಮ ಸಭೆಯಲ್ಲಿ ಸೂಚಿಸಿದೆ. ಒತ್ತಡದಲ್ಲಿ ಕಿವಿ ಕೆಲಸ ಮಾಡುವುದಿಲ್ಲವಂತೆ. ನನ್ನ ವಿದ್ಯಾರ್ಥಿಗಳೂ ಪರೀಕ್ಷೆಯ ಬಗ್ಗೆ ಇದನ್ನೇ ಹೇಳುತ್ತಿದ್ದರು, ಆದರೂ ಹಾಲ್ ಟಿಕೆಟ್ ಹಿಡಿದು ಬರುತ್ತಿದ್ದರು.

ಮುಖ್ಯ ಅಹವಾಲು ಇನ್ನು ಮುಂದಿದೆ, ಚಿತ್ತೈಸಬೇಕು. ತಾವು ಬರುವ ಮುಂಚೆ ಸ್ಪೀಕರಿನಲ್ಲಿ ಒಂದು ಗುಂಯ್ ಇತ್ತು. ತಮ್ಮನ್ನು ಸ್ಥಾಪಿಸುವ ದಿನ ಕಾಮಾಕ್ಷಿಪಾಳ್ಯದಿಂದ ಎಲೆಕ್ಟ್ರಿಷಿಯನ್ ಬಂದಿದ್ದರು. ಪ್ಲೇಟು ಬಿಚ್ಚಿದರೆ ನ್ಯೂಟ್ರಲ್ ಸ್ಕ್ರೂ ಸಡಿಲಾಗಿ ಸುಟ್ಟು ಕಪ್ಪಾಗಿತ್ತು. ಅರ್ಥ್ ವೈರು ಯಾವುದಕ್ಕೂ ಸೇರದೆ ಗೋಡೆಯೊಳಗೆ ತೂಗಾಡುತ್ತಿತ್ತು, ಮೂರನೇ ತೂತು ಇಷ್ಟು ವರ್ಷ ಬರೀ ಅಲಂಕಾರಕ್ಕಿತ್ತು. ಅಂಗಳದ ಅರ್ಥಿಂಗ್ ಗುಂಡಿ ಕಲ್ಲಿನಂತೆ ಒಣಗಿತ್ತು. ಅವರು ಹೊಸ ಸಾಕೆಟ್ ಹಾಕಿ, ಸ್ಕ್ರೂ ಬಿಗಿದು, ಅರ್ಥ್ ಸೇರಿಸಿ, ಗುಂಡಿಗೆ ಇದ್ದಿಲು ಉಪ್ಪು ತುಂಬಿ, ನನ್ನ ಕೈಯಿಂದ ಎರಡು ಬಕೆಟ್ ನೀರು ಹುಯ್ಯಿಸಿದರು. "ಬೇಸಿಗೇಲಿ ವಾರಕ್ಕೊಂದ್ಸಲ ನೀರು ಹಾಕ್ತಿರಿ ಅಮ್ಮ" ಎಂದು ಹೋದರು. ಸಂಜೆ ತಮ್ಮನ್ನು ಚುಚ್ಚಿದಾಗ ಗುಂಯ್ ಇರಲಿಲ್ಲ. ಯಜಮಾನರು ತಮ್ಮನ್ನು ಸವರಿದರು, ಫೋಟೊ ತೆಗೆದರು, ಊರಿಗೆಲ್ಲ ಕಳಿಸಿದರು. ತಾವು ಒಂದು ಮಾತೂ ಆಡಲಿಲ್ಲ. ದೊಡ್ಡವರ ಮೌನಕ್ಕೆ ಏನೇನೋ ಅರ್ಥವಿರುತ್ತದೆ, ಅರ್ಥಿಂಗ್ ಕೂಡ ಇರುತ್ತದೆಂದು ಅವತ್ತು ತಿಳಿಯಿತು.

ನಮ್ಮ ಹಾಲಿನ ಬಗ್ಗೆಯೂ ತಮ್ಮಲ್ಲಿ ಕ್ಷಮೆ ಕೇಳಬೇಕು. 30-40 ಸೈಟಿನ ಮನೆ, ಹನ್ನೆರಡು ಅಡಿ ಉದ್ದದ ಹಾಲು, ನೆಲಕ್ಕೆ ಹೊಳೆಯುವ ಟೈಲ್ಸು, ಎದುರಿಗೆ ಗಾಜಿನ ಷೋಕೇಸು. ಅಷ್ಟುದ್ದದ ಕೋಣೆ ಸುಮಾರು 47 ಹರ್ಟ್ಸಿನ ಆಸುಪಾಸಿನಲ್ಲಿ ತಾನೇ ಗುಡುಗುತ್ತದೆ, ಡೊಳ್ಳು ಬಂದರೆ ಷೋಕೇಸಿನ ಬೆಳ್ಳಿ ಲೋಟ ನಡುಗುತ್ತದೆ. ಇಂಥ ಕಡೆ ಏರುಪೇರು ಹತ್ತು ಡೆಸಿಬೆಲ್ ಆದರೂ ಆಶ್ಚರ್ಯವಿಲ್ಲ. ದಪ್ಪ ಪರದೆ ಹಾಕಿ, ಜಮಖಾನ ಹಾಸಿ, ಅಟ್ಟದ ಮೇಲಿನ ಪುಸ್ತಕಗಳನ್ನು ಇಳಿಸಿ ಗೋಡೆಗೆ ಜೋಡಿಸಿ ಎಂದೆ. "ಹಾಲ್ ಚಿಕ್ಕದಾಗಿ ಕಾಣುತ್ತೆ" ಎಂದರು. ಹೊರಗೆ ವೆಸ್ಟ್ ಆಫ್ ಕಾರ್ಡ್ ರೋಡಿನ ಬಸ್ಸು, ಧ್ವನಿವರ್ಧಕದಲ್ಲಿ ಈರುಳ್ಳಿ ಕೂಗುವ ಗಾಡಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಈರುಳ್ಳಿ ಗಾಡಿಯವರು ಅದನ್ನು ಓದಿದಂತಿಲ್ಲ. ತಾವು ಕಪ್ಪಗಾಗಿಸುವ ಆ ಕತ್ತಲೆ ಇದೆಲ್ಲದರ ಕೆಳಗೆ ಎಲ್ಲೋ ಇರಬಹುದು.

ಇನ್ನು ನನ್ನ ಸಣ್ಣ ಬಿನ್ನಹಗಳು. ಹದಿನೆಂಟು ಕೆಜಿ ತೂಕದ ಪವರ್ ಕಂಡಿಷನರ್ ಒಂದು ತಮ್ಮ ಹಿಂದೆಯೇ ಬರಲಿದೆಯೆಂದು ಸುದ್ದಿ. ಅದು ಬಂದರೆ ತಾವು ಅಡಾಪ್ಟರ್ ಸಮೇತ ಎತ್ತ ಸರಿಯುತ್ತೀರೋ ಮೊದಲೇ ತಿಳಿಸಿ, ಆ ಮೂಲೆಯಲ್ಲಿ ನಾನು ಅಕ್ಕಿ ಡಬ್ಬ ಇಡುತ್ತೇನೆ. ತಮ್ಮನ್ನು ನೆಲದಿಂದ ಎತ್ತಿ ಹಿಡಿಯುವ ಆ ಪುಟ್ಟ ಮರದ ಪೀಠಗಳನ್ನು ಗುಡಿಸುವಾಗ ನಾನು ಎತ್ತಿಡಬಹುದೇ, ಅಥವಾ ತಮ್ಮ ಪಳಗಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆಯೇ? ಯಜಮಾನರಿಗೆ ತಮ್ಮ ಮಾತೆಂದರೆ ವೇದವಾಕ್ಯ, ಆದ್ದರಿಂದ ಮನ್ಸೂರರ ಒಂದು ರಾಗವನ್ನಾದರೂ ಕೊನೆತನಕ ಕೇಳಲು ತಾವೇ ಹೇಳಿ.

ಇತಿ ತಮ್ಮ ವಿಧೇಯಳು,
ಬಸವೇಶ್ವರನಗರದ ಒಬ್ಬ ಗೃಹಿಣಿ

ವಿ.ಸೂ.: ಬೆಳಿಗ್ಗೆ ಬ್ಯಾಂಕಿನಿಂದ ಮತ್ತೊಂದು ಎಸ್ಸೆಮ್ಮೆಸ್ ಬಂತು. ಈ ಸಲ ಫ್ಯೂಸಂತೆ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಅದರ ಮೇಲೂ ಬಾಣವಿದೆಯಂತೆ. ತಮ್ಮ ಕುಟುಂಬದವರೇ ಇರಬೇಕು, ಸಂತೋಷ. ಅವರು ಬರುವಾಗ ಎಲೆಕ್ಟ್ರಿಷಿಯನ್ನರಿಗೆ ಕೊಡಬೇಕಾದ ಎಂಟುನೂರು ರೂಪಾಯಿ ತಂದರೆ ಉಪಕಾರವಾಗುತ್ತದೆ. "ಸಣ್ಣ ಅಮೌಂಟು, ಆಮೇಲೆ ಕೊಟ್ಟರಾಯ್ತು" ಎಂದು ಯಜಮಾನರು ಇನ್ನೂ ಕೊಟ್ಟಿಲ್ಲ.