ಹಂಸಲದೀವಿಯ ಅಳಿವೆಗೊಂದು ಬಹಿರಂಗ ಪತ್ರ

ಹರಿಹರ, ತುಂಗಭದ್ರೆಯ ಬಲದಂಡೆ

ಮಹನೀಯ ಅಳಿವೆಯವರ ಸನ್ನಿಧಿಗೆ,

ದಾವಣಗೆರೆ ಹಾಗೂ ಹರಿಹರದ ನಾಗರಿಕರ ವಿಜ್ಞಾಪನೆ. ನಮ್ಮ ತುಂಗಭದ್ರೆಯು ಸಂಗಮೇಶ್ವರದಲ್ಲಿ ಕೃಷ್ಣೆಯನ್ನು ಕೂಡಿ, ಆಂಧ್ರದ ಹಂಸಲದೀವಿಯ ಬಳಿ ತಮ್ಮ ಮೂಲಕವೇ ಬಂಗಾಳ ಕೊಲ್ಲಿಯನ್ನು ಸೇರುವಳೆಂಬುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ ನಾವಾದರೂ, ಹರಿಹರದ ಸೇತುವೆಯನ್ನು ದಾಟಿದ ನೀರಿಗೆ ಮುಂದೆಯೂ ಒಂದು ಸಂಸಾರವುಂಟೆಂದು ಭಾವಿಸುವ ದುರಭ್ಯಾಸ ನಮ್ಮಲ್ಲಿ ಬೆಳೆದಿಲ್ಲ.

ಸಿಹಿನೀರು ಉಪ್ಪುನೀರುಗಳು ಬೆರೆಯುವೆಡೆಯಲ್ಲಿ ಕಾಂಡ್ಲಾ ವನಗಳು ಬೆಳೆದು, ಅವುಗಳ ಬೇರುಗಳ ನಡುವೆ ಮೀನು ಸೀಗಡಿಗಳ ಮರಿಗಳು ಪೋಷಣೆ ಪಡೆಯಬೇಕಾದರೆ ಮೇಲಿನಿಂದ ನೀರೂ ಮೆಕ್ಕಲೂ ಬರಬೇಕೆಂದು ಬಲ್ಲವರು ಹೇಳುತ್ತಾರೆ. ಮೆಕ್ಕಲಿನ ಚಿಂತೆ ತಮಗೆ ಬೇಡ. 133 ಟಿಎಂಸಿ ನೀರು ಹಿಡಿಯಲೆಂದು ಕಟ್ಟಿದ ಹೊಸಪೇಟೆಯ ಜಲಾಶಯವು ಈಗ 105ರ ಆಸುಪಾಸಿಗೆ ಇಳಿದಿರುವುದು ತಮ್ಮ ಪಾಲಿನ ಹೂಳನ್ನು ಅಲ್ಲಿ ಜೋಪಾನವಾಗಿ ಇರಿಸಿರುವುದರಿಂದಲೇ. ನೀರಿನ ವಿಷಯದಲ್ಲಿಯೂ ನಾವು ಕೃತಘ್ನರಲ್ಲ. ನದಿಯಿಂದ ಎತ್ತಿದುದನ್ನು ನಮ್ಮ ಚರಂಡಿಗಳು, ಎತ್ತುವಾಗ ಅದರಲ್ಲಿಲ್ಲದ ಅನೇಕ ಗುಣವಿಶೇಷಗಳೊಡನೆ, ನದಿಗೇ ಹಿಂದಿರುಗಿಸುತ್ತವೆ. ಶಿವಮೊಗ್ಗದವರೂ ಭದ್ರಾವತಿಯವರೂ ಇದನ್ನೇ ಮಾಡಿದರೆ, ರಾಜನಹಳ್ಳಿಯ ಜಾಕ್‌ವೆಲ್ಲಿನ ನೀರು ಕುಡಿಯುವ ನಮಗೆ ಅದು ಮಹಾಪರಾಧವಾಗಿ ತೋರುತ್ತದೆ. ನಾವು ಕೆಳಗಿನವರಿಗೆ ಮಾಡುವಾಗ ಮಾತ್ರ ಅದು ಪ್ರಕೃತಿನಿಯಮವಾಗಿಬಿಡುತ್ತದೆ.

ನೆಮ್ಮದಿ ಕೆಡಿಸಿದ ಅವಿವೇಕಿಗಳು ಇಲ್ಲಿಯೂ ಇದ್ದರೆಂದು ಲಜ್ಜೆಯಿಂದ ಒಪ್ಪಬೇಕಾಗಿದೆ. ಎದುರು ದಂಡೆಯ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದಿಂದ ಮೀನುಗಳು ಸಾಯುತ್ತಿವೆಯೆಂದು 1980ರ ದಶಕದಲ್ಲಿ ತೀರದ ರೈತರೂ ಬೆಸ್ತರೂ ದನಿಯೆತ್ತಿದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಅವರ ಜೊತೆಗೂಡಿದರು. ಆ ಕಾರ್ಖಾನೆಗೆ ನೀಲಗಿರಿ ಒದಗಿಸಲೆಂದು ಸರ್ಕಾರದ ಪಾಲುದಾರಿಕೆಯಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಯು ಹಳ್ಳಿಗಳ ಸಾಮುದಾಯಿಕ ಭೂಮಿಗೆ ಕೈಯಿಕ್ಕಿದಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ–ಹಚ್ಚಿಕೊ’ ಎಂದು ಸತ್ಯಾಗ್ರಹ ಹೂಡಿ, ನೀಲಗಿರಿಯ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಶಿವರಾಮ ಕಾರಂತರಂಥವರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು; 1991ರಲ್ಲಿ ಆ ಕಂಪನಿಯೇ ಮುಚ್ಚಿಹೋಯಿತು. ಇಷ್ಟೆಲ್ಲ ಗಲಭೆ, ನದಿಗೊಂದು ಆರತಿ ಎತ್ತಿದರೆ ಮುಗಿಯುವ ಕಾರ್ಯಕ್ಕೆ! ನಾವೀಗ ಸುಸಂಸ್ಕೃತರು, ಆರತಿ ಎತ್ತುತ್ತೇವೆ. 2024ರಲ್ಲಿ ‘ನಿರ್ಮಲ ತುಂಗಭದ್ರಾ’ ಎನ್ನುತ್ತ ಶೃಂಗೇರಿಯಿಂದ ಹರಿಹರದವರೆಗೆ ನಡೆದು ಬಂದವರಿಗೆ ಚಪ್ಪಾಳೆಯನ್ನೂ ತಟ್ಟಿದೆವು.

ಆದರೂ ತಮ್ಮ ಮೌನ ನಮಗೆ ಸೋಜಿಗವನ್ನುಂಟುಮಾಡಿದೆ. ನಮ್ಮ ಸೀಮೆಯು ಭದ್ರಾ ನಾಲೆಯ ಕೊನೆಯ ಭಾಗ. ಮೇಲಿನವರು ಪಂಪ್‌ಸೆಟ್ ಇಟ್ಟು ನೀರೆಳೆದರೆಂದು, ತೂಬಿಗೆ ನೀರು ತಲುಪಲಿಲ್ಲವೆಂದು ನಮ್ಮ ಭತ್ತದ ರೈತರು ಹೆದ್ದಾರಿ ತಡೆದು, ಕಚೇರಿಗೆ ಮುತ್ತಿಗೆ ಹಾಕಿ, ನ್ಯಾಯ ಕೇಳುತ್ತಾರೆ; ಕೇಳುವುದು ನ್ಯಾಯವೂ ಹೌದು. ತಾವಾದರೋ ಇಡೀ ನದಿಯ ಕೊನೆಯ ಭಾಗದವರಾಗಿದ್ದೂ ಒಂದು ರಸ್ತೆತಡೆಯನ್ನಾದರೂ ಮಾಡಿದವರಲ್ಲ. ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಮುಂದಿನ ಸಭೆಗೆ ತಾವು ಅರ್ಜಿ ಸಲ್ಲಿಸಬಹುದು. ಅರ್ಜಿಯೊಡನೆ ಪಹಣಿ ಲಗತ್ತಿಸಿರಬೇಕು. ಅಚ್ಚುಕಟ್ಟಿನ ಪಟ್ಟಿಯಲ್ಲಿ ಹೆಸರಿಲ್ಲದ ಸಮುದ್ರದ ಅಹವಾಲನ್ನು ಸ್ವೀಕರಿಸಲಾಗುವುದಿಲ್ಲ.

ಇತಿ ತಮ್ಮ ವಿಧೇಯರು,
ಮೇಲಿನ ಭಾಗದ ನಾಗರಿಕರು